ಇಲೆಕ್ಟ್ರಿಕಲ್ ಎರಡನೇ ವರ್ಷ: ಸೂತ್ರ ಗೊತ್ತುಂಟು, ಉತ್ತರ ತಪ್ಪುತ್ತದೆ, ಲ್ಯಾಬ್‌ನಲ್ಲಿ ಯಾವ ಮೀಟರ್?

ಬದಿಯಡ್ಕ_ಎಸ್4
ಎಲ್ಲರಿಗೂ ನಮಸ್ಕಾರ. ಹತ್ತನೇವರೆಗೆ ಕನ್ನಡ ಮಾಧ್ಯಮ, ಈಗ ಕಾಸರಗೋಡಿನಲ್ಲೇ ಬಿ.ಟೆಕ್ ಇಲೆಕ್ಟ್ರಿಕಲ್, ನಾಲ್ಕನೇ ಸೆಮಿಸ್ಟರ್. ಸರ್ಕ್ಯೂಟ್ಸ್ ಪೇಪರಿನ ಸಪ್ಲಿ (ಸಪ್ಲಿಮೆಂಟರಿ ಪರೀಕ್ಷೆ) ಬರೆಯಲಿಕ್ಕೆ ಉಂಟು. ಎಸಿ ಲೆಕ್ಕದಲ್ಲಿ ಸೂತ್ರ ಸರಿ ಹಾಕಿದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಇನ್ನೊಂದು ಮೆಷಿನ್ ಲ್ಯಾಬ್. 1 ಕೆವಿಎ, 230/115 ವೋಲ್ಟ್ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರಿನ ಓಸಿ (ಓಪನ್ ಸರ್ಕ್ಯೂಟ್) ಮತ್ತು ಎಸ್‌ಸಿ (ಶಾರ್ಟ್ ಸರ್ಕ್ಯೂಟ್) ಟೆಸ್ಟಿಗೆ ಮೀಟರ್ ರೇಂಜ್ ಹೇಗೆ ಆರಿಸುವುದು? ರೆಕಾರ್ಡಿನಲ್ಲಿ ಇದ್ದದ್ದನ್ನು ಬರೆಯಬಹುದು, ವೈವಾದಲ್ಲಿ "ಯಾಕೆ ಇದೇ ರೇಂಜ್" ಅಂತ ಕೇಳಿದರೆ ಉತ್ತರ ಇಲ್ಲ.

ತೋಟದ_ಪಂಪು
ಲೆಕ್ಕದ ವಿಷಯ ಮೊದಲು. ಶಾಲೆಯ ಪುಸ್ತಕದ "ರೋಧ" ಡಿಸಿಗೆ ಸಾಕಿತ್ತು. ಎಸಿಗೆ ಬಂದಾಗ ಅದು ಮೂರಾಗುತ್ತದೆ. ರೆಸಿಸ್ಟೆನ್ಸ್ ಶಕ್ತಿಯನ್ನು ಬಿಸಿ ಮಾಡಿ ಮುಗಿಸುತ್ತದೆ. ರಿಯಾಕ್ಟೆನ್ಸ್ ಕಾಲು ಸೈಕಲ್ ತೆಗೆದುಕೊಂಡದ್ದನ್ನು ಮುಂದಿನ ಕಾಲು ಸೈಕಲ್‌ನಲ್ಲಿ ವಾಪಸ್ ಕೊಡುತ್ತದೆ. ಎರಡೂ ಸೇರಿದ್ದು ಇಂಪಿಡೆನ್ಸ್, ಆದರೆ ಲಂಬಕೋನದಲ್ಲಿ ಕೂಡುವುದರಿಂದ 3 ಓಮ್ ರೆಸಿಸ್ಟೆನ್ಸ್ ಮತ್ತು 4 ಓಮ್ ರಿಯಾಕ್ಟೆನ್ಸ್ ಸೇರಿದರೆ 5 ಓಮ್, 7 ಅಲ್ಲ. ಮೂರಕ್ಕೂ ತಲೆಯಲ್ಲಿ "ರೋಧ" ಎಂಬ ಒಂದೇ ಪದ ಇದ್ದರೆ ಇಲ್ಲಿಯೇ ಎಡವುತ್ತೀರಿ. ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳಿ, ಅರ್ಥವನ್ನು ಕನ್ನಡದಲ್ಲಿ ಯೋಚಿಸಿ.

ಅಡಿಕೆ ತೋಟದ ಪಂಪನ್ನೇ ತೆಗೆದುಕೊಳ್ಳಿ. 230 ವೋಲ್ಟಿನಲ್ಲಿ 1100 ವ್ಯಾಟ್ ಎಳೆಯುತ್ತದೆ, ಪವರ್ ಫ್ಯಾಕ್ಟರ್ (ವೋಲ್ಟ್ × ಆಂಪಿಯರ್‌ನಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) 0.75 ಎಂದಿಟ್ಟುಕೊಳ್ಳಿ. ಕರೆಂಟು 1100 ÷ (230 × 0.75) = 6.38 ಆಂಪಿಯರ್. ಅಷ್ಟೇ ವ್ಯಾಟಿನ ನೀರು ಕಾಯಿಸುವ ಕಾಯಿಲ್ ಆದರೆ 4.78 ಸಾಕು. ಕೆಲಸಕ್ಕೆ ಬಾರದ ಆ ಹೆಚ್ಚಿನ ಕರೆಂಟು ಕೂಡ ಕಂಬದಿಂದ ತೋಟದವರೆಗಿನ ಉದ್ದದ ವಯರಿನಲ್ಲೇ ಹರಿಯಬೇಕು, ವೋಲ್ಟೇಜು ಅಷ್ಟು ಬೀಳುತ್ತದೆ. ಪವರ್ ಫ್ಯಾಕ್ಟರನ್ನು 0.95ಕ್ಕೆ ತರಲು ಬೇಕಾದ ರಿಯಾಕ್ಟಿವ್ ಪವರ್ 1100 × (0.882 − 0.329), ಅಂದರೆ ಸುಮಾರು 608 ವಾರ್ (ಬ್ರ್ಯಾಕೆಟ್ಟಿನಲ್ಲಿ ಇರುವುದು 0.75 ಮತ್ತು 0.95ರ ಕೋನಗಳ ಟ್ಯಾನ್). ಇದನ್ನು 314 × 230² ಇಂದ (314 ಅಂದರೆ 2π × 50 ಹರ್ಟ್ಜ್) ಭಾಗಿಸಿದರೆ ಹತ್ತಿರ ಹತ್ತಿರ 37 ಮೈಕ್ರೋಫ್ಯಾರಡ್. ಕರೆಂಟು 5.03ಕ್ಕೆ ಇಳಿಯುತ್ತದೆ. ಇದು ಲೈನಿಗೆ ಪ್ಯಾರಲಲ್ ಹಾಕುವ ಕೆಪ್ಯಾಸಿಟರ್. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವುದು ಬೇರೆ, ಅದು ಸ್ಟಾರ್ಟಿಂಗ್ ವೈಂಡಿಂಗಿಗೆ ಸೀರೀಸ್. ವೈವಾದಲ್ಲಿ ಇವೆರಡನ್ನು ಬೆರೆಸಬೇಡಿ.

ಇನ್ನು ಉತ್ತರ "ಎಲ್ಲಿಗೋ ಹೋಗುವುದು". ಹೆಚ್ಚಿನ ಸಲ ಇದು ಕ್ಯಾಲ್ಕುಲೇಟರಿನ ಕೋನದ ತಪ್ಪು. ಸೈನ್(314t + 30°) ಅಂತ ಬರೆದಲ್ಲಿ 314t ಇರುವುದು ರೇಡಿಯನ್‌ನಲ್ಲಿ, 30 ಇರುವುದು ಡಿಗ್ರಿಯಲ್ಲಿ. 5 ಮಿಲಿಸೆಕೆಂಡಿಗೆ 314t = 1.57 ರೇಡಿಯನ್, ಅಂದರೆ 90 ಡಿಗ್ರಿ. ಒಟ್ಟು 120 ಡಿಗ್ರಿ, ಸೈನ್ 0.866. ಹಾಗೆಯೇ 1.57 + 30 ಕೂಡಿಸಿ ಡಿಗ್ರಿ ಮೋಡಿನಲ್ಲಿ ಒತ್ತಿದರೆ 0.52 ಬರುತ್ತದೆ. ನೋಡಲಿಕ್ಕೆ ಸರಿ ಇದ್ದ ಹಾಗೆಯೇ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಎರಡನೆಯದು, ಪೀಕ್ (ಅಲೆಯ ತುದಿಯ ಬೆಲೆ) ಮತ್ತು ಆರ್‌ಎಂಎಸ್ (ಅಷ್ಟೇ ಬಿಸಿ ಮಾಡುವ ಡಿಸಿಗೆ ಸಮನಾದ ಬೆಲೆ) ಬೆರೆಸುವುದು. ಸಮೀಕರಣದಲ್ಲಿ 325 ಕಂಡರೆ ಅದು ಪೀಕ್, ಪವರ್ ಲೆಕ್ಕಕ್ಕೆ 230 ಮಾಡಿಕೊಂಡೇ ಮುಂದೆ ಹೋಗಿ.

ನೇಮ್‌ಪ್ಲೇಟ್_ಮೊದಲು
ಲ್ಯಾಬಿಗೆ ನಾನು. ರೇಂಜ್ ಬಾಯಿಪಾಠ ಮಾಡುವ ವಿಷಯವೇ ಅಲ್ಲ, ನೇಮ್‌ಪ್ಲೇಟಿನಿಂದ ಬರುತ್ತದೆ. 1000 ÷ 115 = 8.7 ಆಂಪಿಯರ್ ಎಲ್‌ವಿ (ಕಡಿಮೆ ವೋಲ್ಟೇಜಿನ) ಕಡೆ, 1000 ÷ 230 = 4.35 ಎಚ್‌ವಿ (ಹೆಚ್ಚು ವೋಲ್ಟೇಜಿನ) ಕಡೆ. ವಯರಿಗೆ ಕೈ ಹಾಕುವ ಮೊದಲೇ ಈ ಎರಡು ಸಂಖ್ಯೆ ನೋಟ್‌ಬುಕ್ಕಿನಲ್ಲಿ ಇರಬೇಕು.

ಓಸಿ ಟೆಸ್ಟ್ ಎಲ್‌ವಿ ಕಡೆ ಮಾಡುವುದು: ಪೂರ್ತಿ ರೇಟೆಡ್ ವೋಲ್ಟೇಜು ಕೊಡಬೇಕು, 115 ಕೊಡುವುದು ಸುಲಭ. ಇಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ನೋ ಲೋಡ್ ಕರೆಂಟು ರೇಟೆಡ್‌ನ ಶೇಕಡಾ 5ರಿಂದ 10, ಅಂದರೆ 0.4ರಿಂದ 0.9 ಆಂಪಿಯರ್. ಹಾಗಾಗಿ 0–150 ವೋಲ್ಟ್, 0–2 ಆಂಪಿಯರ್ ಎಂಐ (ಮೂವಿಂಗ್ ಐರನ್) ಮೀಟರ್. ವ್ಯಾಟ್‌ಮೀಟರ್ 150 ವೋಲ್ಟ್, 2 ಆಂಪಿಯರ್, ಎಲ್‌ಪಿಎಫ್ (ಲೋ ಪವರ್ ಫ್ಯಾಕ್ಟರ್). ಯಾಕೆ ಎಲ್‌ಪಿಎಫ್? 115 ವೋಲ್ಟ್, 0.6 ಆಂಪಿಯರ್, 20 ವ್ಯಾಟ್ ಬಂದರೆ ಪವರ್ ಫ್ಯಾಕ್ಟರ್ ಬರೇ 0.29. ಯುಪಿಎಫ್ (ಯೂನಿಟಿ ಪವರ್ ಫ್ಯಾಕ್ಟರ್) ಮೀಟರಿನ ಪೂರ್ತಿ ಸ್ಕೇಲ್ 300 ವ್ಯಾಟ್, ಮುಳ್ಳು ಸೊನ್ನೆಯ ಪಕ್ಕದಲ್ಲೇ ಕೂತಿರುತ್ತದೆ, ಓದಲಿಕ್ಕೆ ಆಗುವುದಿಲ್ಲ. 0.2ರ ಎಲ್‌ಪಿಎಫ್‌ನಲ್ಲಿ ಪೂರ್ತಿ ಸ್ಕೇಲ್ 60 ವ್ಯಾಟ್, ಮುಳ್ಳು ಮೂರರಲ್ಲೊಂದು ಭಾಗಕ್ಕೆ ಬರುತ್ತದೆ. ಗುಣಕವನ್ನು ಮರೆಯಬೇಡಿ: 150 × 2 × 0.2 ÷ ಸ್ಕೇಲಿನ ಒಟ್ಟು ಗೆರೆ. ಗೆರೆ 120 ಇದ್ದರೆ 0.5. ತೆರೆದಿಟ್ಟ ಎಚ್‌ವಿ ಟರ್ಮಿನಲ್‌ನಲ್ಲಿ ಆಗ 230 ವೋಲ್ಟ್ ಇರುತ್ತದೆ, ಮುಟ್ಟಬಾರದು.

ಎಸ್‌ಸಿ ಟೆಸ್ಟ್ ಎಚ್‌ವಿ ಕಡೆಯಿಂದ, ಎಲ್‌ವಿ ಶಾರ್ಟ್. ಇಲ್ಲಿ 4.35 ಆಂಪಿಯರ್ ಹರಿಯಲು 10–15 ವೋಲ್ಟ್ ಸಾಕು. 0–30 ವೋಲ್ಟ್, 0–5 ಆಂಪಿಯರ್, ವ್ಯಾಟ್‌ಮೀಟರ್ 75 ವೋಲ್ಟ್ 5 ಆಂಪಿಯರ್ ಯುಪಿಎಫ್. ವೇರಿಯಾಕ್ (ವೋಲ್ಟೇಜು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಸೊನ್ನೆಯಲ್ಲಿ ಉಂಟಾ ಎಂದು ನೋಡದೆ ಸ್ವಿಚ್ ಹಾಕಲೇಬಾರದು. ಇಂಪಿಡೆನ್ಸ್ ಶೇಕಡಾ 5 ಇದ್ದು ವೇರಿಯಾಕ್ 230ರಲ್ಲಿ ಇದ್ದರೆ 4.35ರ ಇಪ್ಪತ್ತು ಪಟ್ಟು, 87 ಆಂಪಿಯರ್. ಫ್ಯೂಸ್ ಹೋಗುತ್ತದೆ, ಅದಕ್ಕಿಂತ ಮೊದಲು ಆಮೀಟರಿನ ಮುಳ್ಳು ಬಾಗಬಹುದು. ಶಾರ್ಟ್ ಮಾಡುವ ವಯರು ದಪ್ಪದ್ದು, ಗಿಡ್ಡದ್ದು ಇರಲಿ. ತೆಳು ವಯರು ಹಾಕಿದರೆ ಅದರ ರೆಸಿಸ್ಟೆನ್ಸ್ ನಾಲ್ಕು ಪಟ್ಟಾಗಿ ಎಚ್‌ವಿ ಕಡೆಯ ರೀಡಿಂಗಿಗೆ ಸೇರುತ್ತದೆ.

12 ವೋಲ್ಟ್, 4.35 ಆಂಪಿಯರ್, 40 ವ್ಯಾಟ್ ಬಂತು ಎನ್ನಿ. ರೆಸಿಸ್ಟೆನ್ಸ್ 2.11 ಓಮ್, ಇಂಪಿಡೆನ್ಸ್ 2.76, ರಿಯಾಕ್ಟೆನ್ಸ್ 1.77. ಇದು ಎಚ್‌ವಿ ಕಡೆಯ ಲೆಕ್ಕ, ಓಸಿಯದ್ದು ಎಲ್‌ವಿ ಕಡೆಯದ್ದು. ಎರಡನ್ನೂ ಒಂದೇ ಚಿತ್ರದಲ್ಲಿ ಹಾಗೆಯೇ ಬರೆದರೆ ಪೂರ್ತಿ ತಪ್ಪು. ಓಸಿಯ 661 ಓಮನ್ನು (115² ÷ 20, ಕಬ್ಬಿಣದ ನಷ್ಟದ ರೆಸಿಸ್ಟೆನ್ಸ್) 4ರಿಂದ ಗುಣಿಸಿ ಎಚ್‌ವಿಗೆ ತನ್ನಿ.

ಮುಳ್ಳೇರಿಯ_ಲ್ಯಾಬ್
ಮೇಲಿನದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ವ್ಯಾಟ್‌ಮೀಟರಿನ ಮುಳ್ಳು ಹಿಂದಕ್ಕೆ ಹೋದರೆ ಸಪ್ಲೈ ಆಫ್ ಮಾಡಿ ಎಂ ಮತ್ತು ಎಲ್ (ಕರೆಂಟ್ ಕಾಯಿಲಿನ ಎರಡು ಟರ್ಮಿನಲ್) ಅದಲು ಬದಲು ಮಾಡಿ, ಪ್ರೆಷರ್ (ವೋಲ್ಟೇಜ್) ಕಾಯಿಲ್ ಮುಟ್ಟಬೇಡಿ.

ಅದೇ ಲ್ಯಾಬಿನಲ್ಲಿ ಡಿಸಿ ಶಂಟ್ ಮೋಟರ್ ಬರುತ್ತದಲ್ಲ, ಅಲ್ಲಿ ಫೀಲ್ಡ್ ರಿಯೋಸ್ಟಾಟ್ ಕನಿಷ್ಠದಲ್ಲಿ, ಆರ್ಮೇಚರಿನದ್ದು ಗರಿಷ್ಠದಲ್ಲಿ ಇಟ್ಟೇ ಶುರು. ಆರ್ಮೇಚರ್ 1 ಓಮ್ ಇದ್ದರೆ ನಿಂತ ಮೋಟರಿಗೆ 220 ವೋಲ್ಟ್ ನೇರ ಕೊಟ್ಟಾಗ 220 ಆಂಪಿಯರ್, ಬ್ಯಾಕ್ ಇಎಂಎಫ್ (ತಿರುಗುವಾಗ ಹುಟ್ಟುವ ಎದುರು ವೋಲ್ಟೇಜು) ಇನ್ನೂ ಹುಟ್ಟಿಲ್ಲ. ಫೀಲ್ಡ್ ವಯರು ಸಡಿಲ ಇದ್ದರೆ ಇನ್ನೂ ಅಪಾಯ: ನೋ ಲೋಡ್‌ನಲ್ಲಿ ವೇಗ ಏರುತ್ತಾ ಏರುತ್ತಾ ಹೋಗುತ್ತದೆ. ಆ ಸ್ಕ್ರೂ ಒಮ್ಮೆ ಕೈಯಲ್ಲಿ ಎಳೆದು ನೋಡಿ, ಆಮೇಲೆ ಸ್ವಿಚ್.

ಬದಿಯಡ್ಕ_ಎಸ್4
ತುಂಬಾ ಉಪಕಾರ ಆಯಿತು. ಕೊಟ್ಟ ರೀಡಿಂಗಿನಲ್ಲೇ ಅರ್ಧ ಲೋಡ್, 0.8 ಪವರ್ ಫ್ಯಾಕ್ಟರಿಗೆ ಎಫಿಶಿಯನ್ಸಿ ಮಾಡಿದೆ. ಶೇಕಡಾ 90.9 ಬಂತು. ಸರಿ ಉಂಟಾ?

ನೇಮ್‌ಪ್ಲೇಟ್_ಮೊದಲು
ಇಲ್ಲ. ತಾಮ್ರದ ನಷ್ಟವನ್ನು 20 ವ್ಯಾಟ್ ಹಿಡಿದಿದ್ದೀರಿ. ಕರೆಂಟು ಅರ್ಧ ಆದರೆ ನಷ್ಟ ಕಾಲು ಭಾಗ, ಎಸ್‌ಸಿಯ 40ರಲ್ಲಿ 10. ಕಬ್ಬಿಣದ್ದು, ಅಂದರೆ ಓಸಿಯ 20, ಹಾಗೆಯೇ ಇರುತ್ತದೆ. 400 ÷ 430, ಶೇಕಡಾ 93.