ಮೈಯೊಳಗೆ ಔಷಧಿ ತಲುಪಿಸೋ ಮೆತ್ತನೆ ರೋಬೋಟಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಚಾರ ಇತ್ತು, ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಾದಾಗ ಓದಿ.

ಮಲ್ಲೇಶ್ವರದಲ್ಲಿ ಒಂದು ಕನ್ನಡ ಮೀಡಿಯಂ ಹೈಸ್ಕೂಲ್ ಮಕ್ಕಳ ಜೊತೆ ವಿಜ್ಞಾನದ ಗೋಡೆಪತ್ರಿಕೆ ಮಾಡ್ತಿದೀನಿ, ಈ ಸಲದ ವಿಷಯ ಮೈಯೊಳಗೆ ಹೋಗಿ ರೋಗ ಇರೋ ಜಾಗಕ್ಕೇ ಔಷಧಿ ಕೊಡೋ ಪುಟಾಣಿ ರೋಬೋಟುಗಳು. ಒಳಗಿನ ವಿವರ ಬರೆದಾಯ್ತು, ಆದ್ರೆ ತಲೆಬರಹದಲ್ಲೇ ಸಿಕ್ಕಾಕೊಂಡಿದೀನಿ. ಮೊದಲು "ಮೃದು ಯಂತ್ರಮಾನವರಿಂದ ಉದ್ದೇಶಿತ ಔಷಧ ವಿತರಣೆ" ಅಂತ ಬರೆದಿದ್ದೆ, ಪುಸ್ತಕದ ಕನ್ನಡದಲ್ಲಿ ಹಾಗೇ ತಾನೇ ಬರೆಯೋದು. ಒಂಬತ್ತನೇ ಕ್ಲಾಸಿನ ಹುಡುಗಿ ಓದಿ, "ಮಿಸ್, ಯಾವತ್ತು ಹಂಚ್ತಾರೆ?" ಅಂದಳು. ಅವಳದ್ದು ತಪ್ಪೇ ಇಲ್ಲ. ಪೇಪರಲ್ಲಿ ಉದ್ದೇಶಿತ ಮೇಲ್ಸೇತುವೆ, ಉದ್ದೇಶಿತ ಕಾಮಗಾರಿ ಅಂತ ದಿನಾ ಓದ್ತೀವಿ, ಅಂದ್ರೆ ಇನ್ನೂ ಆಗಿಲ್ಲದ್ದು, ಮುಂದೆ ಆಗಬೇಕಾದ್ದು. ವಿತರಣೆ ಅಂದ್ರೆ ಕ್ಯೂ ನಿಲ್ಲಿಸಿ ಹಂಚೋದು. ಎರಡೂ ಸೇರಿದ್ರೆ ಅವಳಿಗೆ ಅರ್ಥ ಆಗಿದ್ದೇ ಸರಿ, ನಾನು ಹೇಳಬೇಕಿದ್ದ ಮಾತು ಅಲ್ಲಿ ಇರಲೇ ಇಲ್ಲ.

ಇನ್ನೊಬ್ಬ ಹುಡುಗ ಚಿತ್ರ ಬರೆದು ತಂದಿದ್ದ. ರಕ್ತನಾಳದೊಳಗೆ ಒಬ್ಬ ಪುಟ್ಟ ಕಬ್ಬಿಣದ ಮನುಷ್ಯ, ತಲೆ ಮೇಲೆ ಆಂಟೆನಾ, ಕೈಯಲ್ಲಿ ಸಿರಿಂಜು. ಯಂತ್ರಮಾನವ ಅಂತ ನಾವೇ ಹೇಳಿಕೊಟ್ಟಮೇಲೆ ಅವನು ಇನ್ನೇನು ಬರೆಯೋಕಾಗತ್ತೆ? ನಿಜದ ವಸ್ತುವಿಗೆ ಮಾನವನ ರೂಪ ಹೋಗಲಿ, ಮೋಟಾರು ಬ್ಯಾಟರಿ ವೈರು ಯಾವುದೂ ಇರಲ್ಲ. 2018ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮೆಟಿನ್ ಸಿಟ್ಟಿ ಮತ್ತು ಜೊತೆಯವರು ತೋರಿಸಿದ್ದು 4 ಮಿಲಿಮೀಟರಿಗಿಂತ ಚಿಕ್ಕದಾದ ಒಂದು ರಬ್ಬರ್ ಪಟ್ಟಿ ಅಷ್ಟೇ, ಸಿಲಿಕೋನಿಗೆ ಕಾಂತದ ಪುಡಿ ಬೆರೆಸಿರೋದು, ಹೊರಗಿಂದ ಕಾಂತಕ್ಷೇತ್ರ ಬದಲಾಯಿಸ್ತಾ ಹೋದ್ರೆ ಅದು ತೆವಳತ್ತೆ, ಉರುಳತ್ತೆ, ನೆಗೆಯತ್ತೆ, ಈಜತ್ತೆ, ಸಣ್ಣ ಹೊರೆ ಎತ್ಕೊಂಡೂ ಹೋಗತ್ತೆ.

ಹಾಗಂತ ರೋಬೋಟ್ ಅನ್ನೋ ಪದ ಬಿಡೋಕೆ ನನಗಿಷ್ಟ ಇಲ್ಲ. ಅದು ಕರೆಲ್ ಚಾಪೆಕ್ ಅನ್ನೋ ಚೆಕ್ ಲೇಖಕರ 1920ರ ನಾಟಕದಿಂದ ಬಂದಿದ್ದು, ಮೂಲ ರೊಬೋಟಾ ಅಂದ್ರೆ ಧಣಿಗೆ ಕೂಲಿ ಇಲ್ಲದೆ ಮಾಡಲೇಬೇಕಾದ ದುಡಿಮೆ, ಅಂದ್ರೆ ನಮ್ಮ ಬಿಟ್ಟಿ. ಈಗ ಬಿಟ್ಟಿ ಅಂದ್ರೆ ಪುಕ್ಕಟೆ ಅಂತಷ್ಟೇ ಆಗಿದೆ, ಹಳೇ ಅರ್ಥ ಬಿಟ್ಟಿ ಚಾಕರಿ ಅನ್ನೋವಾಗ ಮಾತ್ರ ಉಳಿದಿದೆ. ಇದನ್ನ ಹೇಳಿದಾಗ ಮಕ್ಕಳಿಗೆ ರೋಬೋಟ್ ಪರದೇಶದ ಪದ ಅನ್ನಿಸಲೇ ಇಲ್ಲ. ಸ್ನೇಹಿತರೊಬ್ಬರು ಅಣುಯಂತ್ರ ಅನ್ನಿ ಅಂದ್ರು, ಒಪ್ಪಲಿಲ್ಲ, ಕೆಮಿಸ್ಟ್ರಿ ಪಾಠದ ಅಣು ಇದಕ್ಕಿಂತ ಎಷ್ಟೋ ಚಿಕ್ಕದು.

ನನ್ನ ನಿಜವಾದ ಕಷ್ಟ ಮೆತ್ತನೆ ಅನ್ನೋದರದ್ದು. ಮೃದು ಅಂದ ತಕ್ಷಣ ಮೃದು ಮಾತು, ಮೃದು ಸ್ವಭಾವ ಅಂತ ಮನಸ್ಸು ಗುಣದ ಕಡೆ ಹೋಗತ್ತೆ. ಮೆತ್ತಗೆ ಅಂದ್ರೆ ಇಡ್ಲಿಗೆ ಹೊಗಳಿಕೆ, ಮಾವಿನಹಣ್ಣಿಗೆ ಮಾತ್ರ ತೆಗಳಿಕೆ, ಇನ್ನು ಮನುಷ್ಯ ಮೆತ್ತಗಾದ ಅಂದ್ರೆ ಸೋತ ಅಂತ. ನನಗೆ ಬೇಕಿರೋದು ಬಳುಕಬೇಕು, ಒತ್ತಿದ್ರೆ ಬಗ್ಗಿ ಬಿಟ್ಟಾಗ ಮತ್ತೆ ತನ್ನ ಆಕಾರಕ್ಕೆ ಬರಬೇಕು, ನಾಳದ ಗೋಡೆಗೆ ಗೀರು ಬೀಳಬಾರದು, ಇಷ್ಟನ್ನೂ ಹೇಳೋ ಒಂದು ಪದ. ಎಲ್ಲಾ ಪುಟ್ಟ ರೋಬೋಟೂ ಹೀಗಿರಲ್ಲ ಅನ್ನೋದೂ ಮುಖ್ಯ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಹಲ್ಲಿನೊಳಗಿನ ಸಣ್ಣ ಸಣ್ಣ ನಾಳಗಳಿಗೆ ನುಗ್ಗಿ ಬ್ಯಾಕ್ಟೀರಿಯಾ ಕೊಲ್ಲೋ ಸುರುಳಿ ರೋಬೋಟುಗಳ ಕೆಲಸ 2022ರಲ್ಲಿ ಹೊರಬಂತಲ್ಲ, ಅವು ಸಿಲಿಕಾದವು, ಮೇಲೆ ಕಬ್ಬಿಣದ ಲೇಪ, ಅಂದ್ರೆ ಗಟ್ಟಿ ಜಾತಿ. ಎರಡನ್ನೂ ಒಂದೇ ಹೆಸರಲ್ಲಿ ಕರೆದ್ರೆ ತಪ್ಪಾಗತ್ತೆ.

ಇನ್ನು ಹೈಡ್ರೋಜೆಲ್. ಬಹಳಷ್ಟು ಮೆತ್ತನೆ ರೋಬೋಟುಗಳ ಮೈ ಇದರಿಂದಲೇ ಆಗಿರೋದು. ಬೇಸಿಗೆಲಿ ಶರಬತ್ತಿಗೆ ಹಾಕ್ತೀವಲ್ಲ ಕಾಮಕಸ್ತೂರಿ ಬೀಜ, ಅದನ್ನ ಕ್ಲಾಸಲ್ಲಿ ಒಂದು ಲೋಟ ನೀರಲ್ಲಿ ನೆನೆಸಿಟ್ಟೆ, ನೋಡ್ತಿದ್ದ ಹಾಗೇ ಕಪ್ಪು ಬೀಜದ ಸುತ್ತ ಬೆಳ್ಳಗೆ ಅರೆಪಾರದರ್ಶಕ ಪದರ ಊದಿಕೊಳ್ತು. ಒಬ್ಬಳು ಬೆರಳಲ್ಲಿ ಒತ್ತಿ ನೋಡಿ "ಜಾರತ್ತೆ ಮಿಸ್, ಆದ್ರೆ ಕಿತ್ತು ಬರಲ್ಲ" ಅಂದಳು. ಹೈಡ್ರೋಜೆಲ್ ಅಂದ್ರೆ ಅದೇ, ನೀರನ್ನ ಹಿಡಿದಿಟ್ಟುಕೊಳ್ಳೋ ಬಲೆ, ಆ ಬಲೆಯಲ್ಲಿ ಔಷಧಿ ತುಂಬಿಟ್ರೆ ಸುತ್ತಲಿನ ಆಮ್ಲೀಯತೆಯೋ ಬಿಸಿಯೋ ಬದಲಾದಾಗ ಅದು ಊದಿಯೋ ಕುಗ್ಗಿಯೋ ಔಷಧಿ ಹೊರಗೆ ಬಿಡೋ ಹಾಗೆ ಮಾಡಬಹುದು. ಇದಕ್ಕೆ ಲೋಳೆ ಅನ್ನಬಹುದಾ? ಮೂಗಿನ ಲೋಳೆ ನೆನಪಾಗತ್ತೆ ಅಂತಾರೆ ಕೆಲವರು, ಆದ್ರೆ ಲೋಳೆಸರ ಅನ್ನೋವಾಗ ಯಾರೂ ಮುಖ ಸಿಂಡರಿಸಲ್ಲವಲ್ಲ.

ತಲುಪಿಸೋದಕ್ಕೆ ಮಾತ್ರ ಒಂದು ಪದ ಸಿಕ್ಕಿದೆ ಅಂತ ನನ್ನ ನಂಬಿಕೆ. ಮುಟ್ಟಿಸು. ಕಾಗದ ಮುಟ್ಟಿಸಿದೆ, ಸುದ್ದಿ ಮುಟ್ಟಿತು ಅಂತೀವಿ, ಬೇರೆಯವರ ಕೈಗೆ ಹೋಗೋದಲ್ಲ, ಯಾರಿಗೆ ಸೇರಬೇಕೋ ಅವರಿಗೇ ಸೇರೋದು. ಜೊತೆಗೆ ತಾಕು ಅನ್ನೋ ಅರ್ಥವೂ ಅದರಲ್ಲೇ ಇದೆ, ಇಲ್ಲಿ ಔಷಧಿ ಕ್ಯಾನ್ಸರ್ ಗಡ್ಡೆಯನ್ನ ನಿಜವಾಗಲೂ ತಾಕಬೇಕು. ಇಡೀ ಮೈಗೆ ಹರಡೋ ಕೀಮೋಗೂ ಇದಕ್ಕೂ ಇರೋ ವ್ಯತ್ಯಾಸ ಆ ಒಂದೇ ಕ್ರಿಯಾಪದ ಹೇಳಿಬಿಡತ್ತೆ.

ಸದ್ಯಕ್ಕೆ "ಮದ್ದು ಮುಟ್ಟಿಸುವ ಮೆದುರೋಬೋಟ್" ಅಂತ ಅಂದುಕೊಂಡಿದೀನಿ. ಮೆದು ನಮ್ಮ ಮಾತಲ್ಲಿ ಜಾಸ್ತಿ ಸವೆದಿಲ್ಲ, ಅದಕ್ಕೇ ಹೊಸ ಅರ್ಥ ತುಂಬಬಹುದು ಅನ್ನಿಸ್ತು. ಮದ್ದಿನ ಬಗ್ಗೆ ಅನುಮಾನ ಇದೆ, ನಮ್ಮ ಕಡೆ ಹಳಬರು "ಯಾರೋ ಮದ್ದು ಹಾಕಿದಾರೆ" ಅಂದ್ರೆ ಕೆಟ್ಟದ್ದೇ, ಮಂಗಳೂರು ಕಡೆಯವರಿಗೆ ಅದು ದಿನಾ ಬಳಸೋ ಪದ. ಕರಾವಳಿಯವರು, ಧಾರವಾಡ ಕಲಬುರಗಿ ಕಡೆಯವರು ಹೇಳಿ, ಒತ್ತಿದ್ರೆ ಬಗ್ಗಿ ಬಿಟ್ರೆ ಮೊದಲಿನ ಹಾಗಾಗೋ ವಸ್ತುವಿಗೆ ನಿಮ್ಮನೇಲಿ ಏನಂತಾರೆ?

ಸೋಮವಾರ ಗೋಡೆಪತ್ರಿಕೆ ಅಂಟಿಸಬೇಕು. ಆ ಹುಡುಗ ಚಿತ್ರ ಮತ್ತೆ ಬರೆದಿದಾನೆ, ಈ ಸಲ ಆಂಟೆನಾ ಇಲ್ಲ, ಬಳುಕ್ತಿರೋ ಒಂದು ಪಟ್ಟಿ, ಕೆಳಗೆ ಹೆಸರಿಗೆ ಜಾಗ ಖಾಲಿ ಬಿಟ್ಟಿದಾನೆ.