ಸಣ್ಣ ಡೈವ್ ದೋಣಿ: ಹತ್ತುವ ಮೊದಲು ಏನೇನು ನೋಡಿಕೊಳ್ಳಬೇಕು?

ಕೇಳಿದವರು: ಡಿಸೆಂಬರ್‌ನಲ್ಲಿ ಸ್ಕೂಬಾ ಡೈವಿಂಗ್‌ಗೆಂದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ, ಆಮೇಲೆ ಅಂಡಮಾನಿಗೆ ಹೋಗುವ ಯೋಚನೆ ಇದೆ. ನನ್ನ ಹತ್ತಿರ ಓಪನ್ ವಾಟರ್ (ಡೈವಿಂಗ್‌ನ ಮೊದಲ ಹಂತದ) ಸರ್ಟಿಫಿಕೇಟ್ ಇದೆ. ಹೆಂಡತಿಗೆ ಈಜು ಬಾರದು, ಇದೇ ಮೊದಲ ಸಲ ಇಳಿಯುತ್ತಿರುವುದು. ನೀರೊಳಗಿನದಕ್ಕಿಂತ ಸಣ್ಣ ದೋಣಿಯದೇ ಭಯ. ತಿಳಿದವರು ಹೇಳಿ.

ಡೈವಿಂಗ್ ಕಲಿಸುವವರು: ಭಯಪಡಬೇಕಾದ್ದಕ್ಕೇ ಭಯಪಟ್ಟಿದ್ದೀರಿ ಸರ್. ಇಳಿಯುವಾಗ, ಹತ್ತುವಾಗ, ಮೇಲೆ ತೇಲುತ್ತಾ ಕಾಯುವಾಗ, ಈ ಮೂರು ಹೊತ್ತಿನಲ್ಲಿ ಮೈಯೆಲ್ಲ ಕಣ್ಣಾಗಿರಬೇಕು.

ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಎಲ್ಲರೂ ನೀರಿಗಿಳಿದಾಗ ದೋಣಿಯಲ್ಲಿ ಉಳಿಯುವವರು ಯಾರು? ಎಂಜಿನ್ ನಡೆಸಲು ಬರುವ ಒಬ್ಬರು ಮೇಲಿರಲೇಬೇಕು. ಲಂಗರು ಹಾಕಿದ್ದೇವಲ್ಲ ಎಂದು ದೋಣಿಯನ್ನು ಖಾಲಿ ಬಿಡುವವರ ಜತೆ ಹೋಗಬೇಡಿ. ಎರಡನೆಯದು, ಹಾಜರಿ ಹೇಗೆ ತೆಗೆದುಕೊಳ್ಳುತ್ತೀರಿ? ತಲೆ ಎಣಿಸಿದರೆ ಸಾಲದು. ಪಟ್ಟಿ ನೋಡಿ ಹೆಸರು ಕೂಗಬೇಕು, ಆಯಾ ಹೆಸರಿನವರೇ ಓಗೊಡಬೇಕು. ಪಕ್ಕದವರು "ಇದ್ದಾರೆ, ಇದ್ದಾರೆ" ಅಂದರೆ ಲೆಕ್ಕಕ್ಕಿಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ನೀರಲ್ಲೇ ಬಿಟ್ಟು ದೋಣಿ ದಡಕ್ಕೆ ಹೊರಟುಹೋಯಿತು. ಎಣಿಕೆ ತಪ್ಪಿತ್ತು. ಅವರ ಚೀಲ ದೋಣಿಯಲ್ಲೇ ಉಳಿದದ್ದು ಗಮನಕ್ಕೆ ಬಂದದ್ದು ಎರಡು ದಿನದ ಮೇಲೆ. ಅವರು ಸಿಗಲೇ ಇಲ್ಲ. ಹಾಗಾಗಿ ಎಂಜಿನ್ ಸದ್ದಾಗುವ ಮೊದಲು ಹೆಸರು ಕೂಗದಿದ್ದರೆ ನೀವೇ ಎದ್ದುನಿಂತು ಕೇಳಿ, ಸಂಕೋಚ ಬೇಡ.

ದೋಣಿ ನಡೆಸುವವರು: ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಬೆಳಗಿನ ಟ್ರಿಪ್ಪೇ ತಗೊಳ್ಳಿ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಅಲೆ ಮುರಿಯಲು ಶುರುವಾದರೆ ಏಣಿ ಹತ್ತುವುದು ಕಷ್ಟ. ಜನ ಒಂದೇ ಮಗ್ಗುಲಿಗೆ ಕೂರದೆ ಎರಡೂ ಕಡೆ ಸಮನಾಗಿ ಕೂತಿದ್ದಾರಾ, ಸಿಲಿಂಡರ್‌ಗಳನ್ನು ನಿಲ್ಲಿಸಿ ಹಗ್ಗದಿಂದ ಬಿಗಿದಿದ್ದಾರಾ ನೋಡಿ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಒಂದೊಂದೂ 16 ಕೆ.ಜಿ. ಆಸುಪಾಸು ತೂಗುತ್ತದೆ, ಕಾಲಿನ ಮೇಲೆ ಉರುಳಿದರೆ ಬೆರಳು ಹೋಯಿತು. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೊ (ಹಡಗು, ದೋಣಿಗಳು ಮಾತಾಡಿಕೊಳ್ಳುವ ವೈರ್‌ಲೆಸ್) ಇರಲಿ, ತುರ್ತು ಕರೆಗೆ ಚಾನೆಲ್ 16. ಮೊಬೈಲ್ ಒಂದನ್ನೇ ನಂಬಿಕೊಂಡಿರಬಾರದು. ಸಿಗ್ನಲ್ ಸಿಕ್ಕರೆ ಕೋಸ್ಟ್ ಗಾರ್ಡ್ ನಂಬರ್ 1554.

ಪ್ರೊಪೆಲ್ಲರ್ ವಿಷಯ. ದೋಣಿಯ ಹಿಂಬದಿಗೆ ಈಜಿಕೊಂಡು ಬರಬೇಡಿ. ನಾವು ಕೈಮಾಡಿ ಕರೆದ ಮೇಲೆಯೇ ಏಣಿ ಹತ್ತಿರ ಬನ್ನಿ. ಎಂಜಿನ್ ನ್ಯೂಟ್ರಲ್‌ನಲ್ಲಿದ್ದರೆ ಸಾಲದು, ಆಫ್ ಆಗಿರಬೇಕು. ಗೇರ್ ಲಿವರಿಗೆ ಯಾರದೋ ಮೊಣಕೈ ತಾಗಿದರೂ ಸಾಕು, ಫ್ಯಾನ್ ತಿರುಗುತ್ತದೆ. ಇನ್ನೊಂದು, ಮೇಲೆ ಬಂದವರು ಖುಷಿಗೆ ಕೈ ಬೀಸುತ್ತಾರೆ. ಡೈವಿಂಗ್‌ನಲ್ಲಿ ಕೈ ಬೀಸಿದರೆ "ಕಾಪಾಡಿ" ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಅಂಗೈಯನ್ನು ನೆತ್ತಿಗೆ ತಾಗಿಸಿ, ತೋಳು ದುಂಡಗೆ ಕಾಣಬೇಕು.

ಡೈವ್ ಮಾಸ್ಟರ್: ಇಳಿಯುವ ಮುಂಚೆ ಒಂದು ಪರೀಕ್ಷೆ. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ನೋಡುತ್ತಾ, ಬಾಯಲ್ಲಿಟ್ಟುಕೊಳ್ಳುವ ರೆಗ್ಯುಲೇಟರ್‌ನಲ್ಲಿ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು 200 ಬಾರ್ ಹತ್ತಿರ ಅಲ್ಲಾಡದೆ ನಿಂತರೆ ಸರಿ. ಉಸಿರೆಳೆದಾಗಲೆಲ್ಲ ಕೆಳಗಿಳಿದು ಮತ್ತೆ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಗಾಳಿ ಬಂದಂತೆಯೇ ಇರುತ್ತದೆ, 10 ಮೀಟರ್ ಇಳಿದ ಮೇಲೆ ಕಟ್ಟಿಕೊಳ್ಳುತ್ತದೆ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಇದ್ದರೆ ಆ ಸಿಲಿಂಡರ್ ವಾಪಸ್ ಕೊಡಿ. ವಾಸನೆ ಇಲ್ಲದ ಮಾತ್ರಕ್ಕೆ ಗಾಳಿ ಶುದ್ಧ ಎಂದೂ ಅಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಎಂಜಿನ್ ಹೊಗೆಯ ದಾರಿಯಲ್ಲಿದ್ದರೆ ಅದೂ ತುಂಬಿಕೊಳ್ಳುತ್ತದೆ.

ಹಿಂದಕ್ಕೆ ಉರುಳಿ ಇಳಿಯುವಾಗ ಬಿಸಿಡಿಯಲ್ಲಿ (ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್) ಗಾಳಿ ಇರಲಿ, ಒಂದು ಅಂಗೈಯಿಂದ ಮಾಸ್ಕ್ ಮತ್ತು ರೆಗ್ಯುಲೇಟರ್ ಒತ್ತಿ ಹಿಡಿಯಿರಿ. "ಒಂದು, ಎರಡು, ಮೂರು" ಎಂದಾಗ ಎಲ್ಲರೂ ಒಟ್ಟಿಗೇ ಉರುಳಬೇಕು. ತಡವಾಯಿತೋ, ಕೂತಲ್ಲೇ ಇರಿ. ಆಗ ಉರುಳಿದರೆ ಕೆಳಗಿದ್ದವರ ತಲೆಗೆ ನಿಮ್ಮ ಸಿಲಿಂಡರ್ ಬಡಿಯುತ್ತದೆ. ಹತ್ತುವಾಗ ಮೊದಲು ಏಣಿ ಅಥವಾ ಹಗ್ಗ ಕೈಗೆ ಸಿಗಬೇಕು, ಆಮೇಲೆ ಕಾಲಿನ ಫಿನ್ (ಈಜುರೆಕ್ಕೆ) ಬಿಚ್ಚಿ. ಫಿನ್ ಮೊದಲೇ ಬಿಚ್ಚಿದವರನ್ನು ಸೆಳವು ಎಳೆದುಕೊಂಡು ಹೋಗುತ್ತದೆ. ತೂಕದ ಬೆಲ್ಟ್ ಮೊದಲು ಮೇಲೆ ಕೊಡಿ, ಬಿಸಿಡಿ ಆಮೇಲೆ. ಮಾಸ್ಕ್ ಮಾತ್ರ ದೋಣಿಯೊಳಗೆ ಕೂತ ಮೇಲೆಯೇ ತೆಗೆಯಿರಿ. ಒಬ್ಬರು ಹತ್ತುತ್ತಿರುವಾಗ ಅವರ ಕೆಳಗೆ ನಿಲ್ಲಬೇಡಿ.

ನಿಮ್ಮದೇ ಮಾರ್ಕರ್ ಬಾಯ್ (ಗಾಳಿ ತುಂಬಿ ನೀರ ಮೇಲೆ ನಿಲ್ಲಿಸುವ ಗುರುತಿನ ಕೊಳವೆ) ಮತ್ತು ಒಂದು ಸೀಟಿ ಇಟ್ಟುಕೊಳ್ಳಿ. ಬಾಯ್ ಸುಮಾರು 1.8 ಮೀಟರ್ ಉದ್ದದ್ದು, ಕಿತ್ತಳೆ ಬಣ್ಣದ್ದು. ಅಲೆ ಒಂದು ಮೀಟರ್ ಇದ್ದರೂ ತೇಲುವ ತಲೆ ದೂರಕ್ಕೆ ಕಾಣುವುದಿಲ್ಲ. ಮೇಲೆ ಬರುವ ದಾರಿಯಲ್ಲಿ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವಾಗಲೇ ಅದನ್ನು ಮೇಲೆ ಬಿಡಿ. ದೂರ ತೇಲಿಹೋದರೆ ಬಿಸಿಡಿ ಉಬ್ಬಿಸಿ, ತೂಕದ ಬೆಲ್ಟ್ ಕಳಚಿ ಬಿಟ್ಟು, ಜತೆಗಾರರ ಕೈ ಹಿಡಿದುಕೊಳ್ಳಿ. ಸೆಳವಿಗೆ ಎದುರಾಗಿ ಈಜಿ ದಣಿಯಬೇಡಿ.

ಕೇಳಿದವರು: ಹೆಂಡತಿಗೆ ಬೇರೆ ಏನಾದರೂ ಎಚ್ಚರಿಕೆ? ಡೈವ್ ಮುಗಿಸಿ ಅದೇ ರಾತ್ರಿ ಬೆಂಗಳೂರು ಬಸ್ ಹಿಡಿಯಬೇಕೆಂದಿದ್ದೇವೆ.

ವೈದ್ಯರು: ಆ ಬಸ್ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 600 ಮೀಟರ್ ದಾಟಿದರೆ, ಡೈವ್ ಆದ ಮೇಲೆ ವಿಮಾನ ಹತ್ತುವವರಿಗಿರುವ ನಿಯಮವೇ ರಸ್ತೆಗೂ ಅನ್ವಯ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಆದರೆ 18 ಗಂಟೆ ತಡೆದು ಹೋಗಿ. ರಕ್ತದಲ್ಲಿ ಕರಗಿದ ನೈಟ್ರೋಜನ್ ಒತ್ತಡ ಇಳಿದಾಗ ಗುಳ್ಳೆಯಾಗುತ್ತದೆ, ಅದಕ್ಕೇ ಈ ಕಾಯುವಿಕೆ. ರಾತ್ರಿ ಮುರುಡೇಶ್ವರದಲ್ಲೇ ಉಳಿದುಬಿಡಿ.

ನಿಮ್ಮ ಮನೆಯವರು ಹೋಗುವಾಗ ಬರುವಾಗ ಲೈಫ್ ಜಾಕೆಟ್ ಬಿಚ್ಚಬಾರದು, ನೀರಲ್ಲಿ ಅವರೊಬ್ಬರಿಗೇ ಒಬ್ಬ ಇನ್‌ಸ್ಟ್ರಕ್ಟರ್ ಇರಬೇಕು. ಉಸಿರು ಹಿಡಿಯಬಾರದು ಎಂಬುದನ್ನು ದಡದಲ್ಲೇ ಮನದಟ್ಟು ಮಾಡಿಸಿ: 10 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಆಸ್ತಮಾ, ಕಿವಿ, ಹೃದಯದ ತೊಂದರೆ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ವಾಂತಿ ತಡೆಯುವ ಮಾತ್ರೆ ಮಂಪರು ತರುತ್ತದೆ, ವೈದ್ಯರನ್ನು ಕೇಳಿ ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಿ.

ದೋಣಿಯಲ್ಲಿ ತುರ್ತಿಗೆ ಆಕ್ಸಿಜನ್ ಇದೆಯಾ ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ತೋರಿಸಲು ಹೇಳಿ, ಲೆಕ್ಕ ಹಾಕಿ. ತುರ್ತಿನಲ್ಲಿ ನಿಮಿಷಕ್ಕೆ 15 ಲೀಟರ್ ಬೇಕು. 3 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ತುಂಬಿದ್ದರೆ 600 ಲೀಟರ್ ಆಯಿತು, 40 ನಿಮಿಷಕ್ಕೆ ಖಾಲಿ. ನೇತ್ರಾಣಿಯಿಂದ ದಡ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ದೋಣಿಯಾದರೆ ಅಂಥದ್ದು ಎರಡಾದರೂ ಇರಬೇಕು.