ಎಂಟನೇ ಕ್ಲಾಸ್ ಮಕ್ಕಳಿಗೆ ವಿವರಣೆ ಬರೆಸುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ದಾವಣಗೆರೆ ಹತ್ತಿರದ ಹಳ್ಳಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. 'ಮಂಡಕ್ಕಿ ಹೇಗೆ ಅರಳುತ್ತದೆ?' ಅಂತ ವಿವರಣೆ ಬರೆಯಲು ಕೊಟ್ಟಿದ್ದೆ. ಇಲ್ಲಿನ ಮಕ್ಕಳಿಗೆ ಮಂಡಕ್ಕಿ ಭಟ್ಟಿ ಹೊಸದೇನಲ್ಲ ಅಲ್ವಾ? ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ. ಬರೆಯಲು ಕೂತರೆ 'ಅಕ್ಕಿ ಹಾಕಿದರು, ಆಮೇಲೆ ಹುರಿದರು, ಆಮೇಲೆ ಜರಡಿ ಹಿಡಿದರು' ಅಂತ ಮುಗಿಸುತ್ತಾರೆ. ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಆವಿಯಾಗುತ್ತದೆ, ಆ ಆವಿ ಒತ್ತುವುದರಿಂದ ಕಾಳು ಉಬ್ಬುತ್ತದೆ. ಈ ಕಾರಣವೇ ಬರುವುದಿಲ್ಲ.

ಈಗ ಬರೆಯುವ ಮೊದಲು ಬಾಣದ ಗುರುತಿನ ಚಿತ್ರ ಹಾಕಿಸುತ್ತಿದ್ದೇನೆ. ಪ್ರತಿ ಬಾಣದ ಮೇಲೆ 'ಯಾಕೆ?' ಅನ್ನುವುದಕ್ಕೆ ಉತ್ತರ ಇರಬೇಕು. ಸ್ವಲ್ಪ ದಾರಿಗೆ ಬಂದಿದೆ. ಆದರೆ ಚಿತ್ರದಿಂದ ಪ್ಯಾರಾಕ್ಕೆ ಬರುವಾಗ ಬಾಣದ ಮೇಲಿನದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. 'ಆದ್ದರಿಂದ', 'ಹೀಗಾಗಿ' ಅಂತ ಬೋರ್ಡ್ ಮೇಲೆ ಬರೆದರೆ ಎಲ್ಲ ವಾಕ್ಯಕ್ಕೂ ಅದನ್ನೇ ಅಂಟಿಸುತ್ತಾರೆ, ಅದು ಇನ್ನೊಂದು ತಲೆನೋವು!

ಈ ಹಂತ ನೀವು ಹೇಗೆ ದಾಟಿಸುತ್ತೀರಿ? ಜೋಡಿಯಾಗಿ ಬರೆಸಬೇಕಾ, ಇಲ್ಲಾ ಮೊದಲ ಪ್ಯಾರಾ ನಾನೇ ಅವರೆದುರು ಯೋಚಿಸುತ್ತಾ ಬರೆದು ತೋರಿಸಬೇಕಾ? ಮುಂದಿನ ಸಲ ಚಿತ್ರದುರ್ಗ ಕೋಟೆಯ ಹೊಂಡಗಳನ್ನು ತೆಗೆದುಕೊಳ್ಳುವ ಯೋಚನೆ ಇದೆ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ ಹರಿಯುತ್ತದಲ್ಲ, ಅದು. ನಿಮ್ಮ ಮಕ್ಕಳು ಬರೆದ ಮಾದರಿ ಇದ್ದರೆ ಹೆಸರು ಮುಚ್ಚಿ ಫೋಟೋ ಹಾಕಿ.